ಹೊಳೆಯದ ಬಾಲ

ಹರದನಹಳ್ಳಿಯ ಪಟೇಲ್ ನಂಜಪ್ಪನವರ ಮಗ ದೇವರಾಜ್ ಹಾಸನದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ವೀರ್ಯಾಣು ಬೆಳೆಯುವಾಗ ಅದರ ಬಾಲ ಕಟ್ಟುವ ಒಂದು ಪ್ರೋಟೀನಿನ ಮೇಲೆ ಅವನ ಸಂಶೋಧನೆ. ಇಲಿ, ಟಗರು, ಹೋರಿ, ಎಲ್ಲರ ಗಂಡಸ್ತನವನ್ನೂ ಸೂಕ್ಷ್ಮದರ್ಶಕದಡಿ ಜಾಲಾಡಿದ ಮಹಾನುಭಾವ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗದ್ದಕ್ಕೆ ಮಾತ್ರ ತಪಾಸಣೆಯೆಲ್ಲ ಹೆಂಡತಿ ಸೌಜನ್ಯಳದ್ದು. ಒಮ್ಮೆ ಅವಳ ಹೊಟ್ಟೆಗೆ ತೂತು ಕೊರೆದು ನೋಡಿ ಏನೂ ಕೊರತೆಯಿಲ್ಲ ಎಂದಾಗಿತ್ತು. ಅದು ಸಾಲದೆಂದು ಅತ್ತೆ ಜಯಲಕ್ಷ್ಮಮ್ಮ ಬೇರೊಬ್ಬ ಡಾಕ್ಟರ ಹತ್ತಿರ, ಬರುವ ಸೋಮವಾರಕ್ಕೆ, ಇನ್ನೊಂದು ಆಪರೇಷನ್ ಗೊತ್ತುಮಾಡಿದ್ದರು. ಗಂಡನದ್ದೂ ಪರೀಕ್ಷೆಯಾಗಲಿ ಎಂದು ಯಾರಾದರೂ ಅಂದರೆ ದೇವರಾಜನಿಗೆ ಮೂಗಿನ ತುದಿಯಲ್ಲೇ ಕೋಪ.

ಅದೇ ಹೊತ್ತಿಗೆ ಹೊರದೇಶದಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಆ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಆ್ಯಂಟಿಬಾಡಿ ಬಂತು. ಬೆರಳುದ್ದದ ಸೀಸೆ. ಒಂದು ಹನಿ ಬಿಟ್ಟರೆ ಆ ಪ್ರೋಟೀನು ಇರುವ ಬಾಲ ಹಸಿರಾಗಿ ಹೊಳೆಯಬೇಕು. ಸೀಸೆ ಸರಿಯಿದೆಯೋ ಎಂದು ತಿಳಿಯಲು ಮೊದಲು ಆರೋಗ್ಯವಂತ ಗಂಡಸೊಬ್ಬನ ಸ್ಯಾಂಪಲ್ಲು ಬೇಕು. ಪಟೇಲರ ಮನೆಯಲ್ಲಿ ಹುಟ್ಟಿದವನು ಅದಕ್ಕಾಗಿ ಊರೆಲ್ಲ ಹುಡುಕುತ್ತಾನೆಯೇ? ತನ್ನದನ್ನೇ ಇಟ್ಟ. ಹೊಳೆಯಲಿಲ್ಲ. ಮತ್ತೆ ಇಟ್ಟ, ಆಗಲೂ ಕತ್ತಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಸೀಸೆ ಡೊಂಕು ಅಂದ. ಅದನ್ನು ಖಾತ್ರಿ ಮಾಡಿಕೊಳ್ಳಲು ಅಟೆಂಡರ್ ಮಧುಕುಮಾರನನ್ನು ಕಾಡಿ ಬೇಡಿ ಅವನದ್ದನ್ನೂ ಇಟ್ಟ. ಅಲ್ಲಿ ದೀಪಾವಳಿ! ಯೋಗ್ಯತೆ ಅರಿಯದ ಸೀಸೆ ಎಂದು ಕಂಪನಿಗೆ ಇಂಗ್ಲಿಷಿನಲ್ಲಿ ಉಗಿದು ಬರೆದ.

ಭಾನುವಾರ ಮಧ್ಯಾಹ್ನ ಮುದ್ದೆ ಮುರಿಯುತ್ತಲೂ ಅವನ ಸಿಟ್ಟು ಇಳಿದಿರಲಿಲ್ಲ.

"ಬರೀ ಮೋಸ ಕಣವ್ವ ಆ ಕಂಪ್ನಿ ಸೀಸೆ. ಬಾಲ ಒಳೀಬೇಕಾಗಿತ್ತು. ನಂದಿಟ್ರೆ ಒಳೆಯಕಿಲ್ಲ, ಆ ಮಧು ನನ್ಮಗಂದು ಜಗ್ಗನೆ ಒಳೀತದೆ!"

"ಆ ಕಂಪ್ನಿಯೋರ ಮನೆ ಆಳಾಗ" ಎಂದರು ಜಯಲಕ್ಷ್ಮಮ್ಮ, ಒಂದಕ್ಷರವೂ ಅರ್ಥವಾಗದೆ.

ಸಾರು ಬಡಿಸುತ್ತಿದ್ದ ಸೌಜನ್ಯಳಿಗೆ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು.

"ಅಂಗಂದ್ರೆ ಸೀಸೆ ಸರಿಯಾಗೇ ಐತಲ್ಲ" ಎಂದಳು.

ದೇವರಾಜ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದ. ಅಷ್ಟು ಓದಿದವನಿಗೆ ಆ ಯೋಚನೆ ಬಂದಿರಲೇ ಇಲ್ಲ, ಅಥವಾ ಬಂದದ್ದನ್ನು ಅವನು ಒಳಗೆ ಬಿಟ್ಟುಕೊಂಡಿರಲಿಲ್ಲ. ಸೌಜನ್ಯ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಓದ್ವರ್ಸ ಆಲೂಗೆಡ್ಡೆ ಮೊಳೀನಿಲ್ಲ ಅಂತ ಯಾರಿಗ್ ಬೈದ್ರಿ? ಒಲಕ್ಕೋ, ಬಿತ್ನೆ ಗೆಡ್ಡೆಗೋ?"

ಹಾಸನ ಸೀಮೆಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರವಿಲ್ಲ. ಪಂಜಾಬಿನಿಂದ ಬಂದ ಗೆಡ್ಡೆಗೆ ಮಣ್ಣು ತೂರಿ ಶಾಪ ಹಾಕಿಯಾರೇ ಹೊರತು ಹೊಲಕ್ಕೆ ಯಾರೂ ಒಂದು ಮಾತು ಅನ್ನುವುದಿಲ್ಲ. ಜಯಲಕ್ಷ್ಮಮ್ಮ ಮಗನ ಮುಖವನ್ನೇ ನೋಡಿದರು. ಸೊಸೆಗೆ ಅಂದದ್ದೆಲ್ಲ ನೆನಪಾಗಿ ಅವರ ಮುಖ ಸಣ್ಣದಾಯಿತು.

"ನಾಳಿಕ್ ಆಸ್ಪತ್ರೆಗೆ ನೀನೋಗ್ಲಾ."

"ನಂಗೆಲ್ಲವ್ವ ರಜ?"

"ಇವ್ಳ ಒಟ್ಟೆ ಕುಯ್ಸಾಕೆ ಅಂತ ಆಕಿದ್ದಲ್ಲ, ಅದೇ ರಜದಾಗೆ ಓಗು."