ಸರಸ್ವತಮ್ಮನಿಗೆ ತಪ್ಪಿಸಿದ ಮಾತ್ರೆ

ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಸರಸ್ವತಮ್ಮನಿಗೆ ಊರವರ ನಂಬರೆಲ್ಲ ಬಾಯಿಪಾಠ. "ನಮ್ಮ ಭಾವನ ಮನೆಗೆ ಹಾಕಿಕೊಡಿ" ಅಂದರೆ ಸಾಕು, ಯಾವ ಭಾವ ಎಂದು ಕೇಳದೆ ಲೈನು ಕೊಡುತ್ತಿದ್ದರು. ಗಂಡ ಉಮಾಪತಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೆಂಡತಿಯ ನೆನಪಿನ ಶಕ್ತಿಯನ್ನು ತಾವೇ ಸಂಪಾದಿಸಿದ ಆಸ್ತಿಯ ಹಾಗೆ ಬಂದವರೆದುರು ಮೆರೆಸುತ್ತಿದ್ದರು.

ನಿವೃತ್ತಿಯಾದ ಮೇಲೆ ಸರಸ್ವತಮ್ಮನ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡಿತು. ಹೊದಿಕೆ ತಾಗಿದರೂ ಜೀವ ಹೋಗುವಂಥ ನೋವು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿದೆ, ಅದನ್ನು ಇಳಿಸಲು ದಿನಾ ಒಂದು ಮಾತ್ರೆ ತಗೊಳ್ಳಬೇಕು, ನಿಲ್ಲಿಸಕೂಡದು ಎಂದರು ತೀರ್ಥಹಳ್ಳಿಯ ಡಾಕ್ಟರು. ಮಾತ್ರೆ ಹಿಡಿಯಿತು. ಕೆಲವು ವರ್ಷ ಆಕೆ ಆರಾಮಾಗಿ ಓಡಾಡಿಕೊಂಡಿದ್ದರು.

ಆಮೇಲೆ ಮರೆವು ಶುರುವಾಯಿತು. ತೀರಿಹೋದ ತಂಗಿಗೆಂದು ಊಟದ ಎಲೆ ಹಾಕಿ ಕಾಯುವುದು, ಪೇಟೆಗೆ ಹೋಗಿ ಮನೆ ದಾರಿ ತಿಳಿಯದೆ ಅಂಗಡಿ ಕಟ್ಟೆ ಮೇಲೆ ಕೂರುವುದು. ಡಿಮೆನ್ಷಿಯಾ ಎಂದು ಗೊತ್ತಾದ ದಿನ ಉಮಾಪತಿಗೆ ದುಃಖಕ್ಕಿಂತ ಅವಮಾನವೇ ಹೆಚ್ಚಾಯಿತು. ಮೊಬೈಲಿನಲ್ಲಿ ಹುಡುಕತೊಡಗಿದರು. ಮರೆವಿನ ಕಾಯಿಲೆಯವರಲ್ಲಿ ಯೂರಿಕ್ ಆಸಿಡ್ ಕಡಿಮೆ ಇರುತ್ತದೆ, ಅದು ಮೆದುಳನ್ನು ಕಾಯುತ್ತಿರಬಹುದು ಎಂದು ಒಂದು ಕಡೆ ಬರೆದಿತ್ತು. ಆಸಿಡ್ ಜಾಸ್ತಿಯಾದರೆ ಮೆದುಳಿನ ರಕ್ತನಾಳಕ್ಕೇ ಕೆಡುಕು ಎಂದು ಇನ್ನೊಂದು ಕಡೆ. ಮೇಷ್ಟ್ರು ಮೊದಲನೆಯದನ್ನು ನಂಬಿದರು. ಮಾತ್ರೆ ಕೊಟ್ಟು ನಾವೇ ಇವಳ ತಲೆ ಹಾಳು ಮಾಡಿದೆವು ಎಂದು ತೀರ್ಮಾನಿಸಿದರು.

ಬೆಳಿಗ್ಗೆ ಮಾತ್ರೆ ಕೇಳುವುದನ್ನು ಮಾತ್ರ ಆಕೆ ಮರೆತಿರಲಿಲ್ಲ. ಹಾಗಾಗಿ ಉಮಾಪತಿ ಅದೇ ಬಣ್ಣದ, ಅದೇ ಗಾತ್ರದ ವಿಟಮಿನ್ ಮಾತ್ರೆ ತಂದು ಕೈಗಿಟ್ಟರು. ಆಸಿಡ್ ಬೇಗ ಏರಲಿ ಎಂದು ದಿನಾ ಹುರುಳಿ ಸಾರು ಮಾಡಿ ಉಣಿಸಿದರು.

ಕೆಲವೇ ವಾರಗಳಲ್ಲಿ ಕಾಲು ಮತ್ತೆ ಊದಿತು. ಈ ಸಲ ಪಾದ, ಮಣಿಕಟ್ಟು ಎಲ್ಲಾ. ನೋವು ಹಳೆಯದೆಂಬ ನೆನಪೂ ಇಲ್ಲದ ಸರಸ್ವತಮ್ಮ ಪ್ರತಿ ಸಲವೂ ಈಗಷ್ಟೇ ಏನೋ ಕಚ್ಚಿತೆಂಬಂತೆ ಬೆದರಿ ಹಾಸಿಗೆ ತಡಕುತ್ತಿದ್ದರು.

"ಹಾವು ಕಡೀತಾ ನೋಡಿ" ಎನ್ನುತ್ತಿದ್ದರು.

"ಹಾವೂ ಇಲ್ಲ, ಎಂತದೂ ಇಲ್ಲ. ಅಳ್ಬೇಡ, ತಡ್ಕೊ. ನಿನ್ನ ಒಳ್ಳೇದಕ್ಕೇ ಇದು" ಎಂದು ಗದರುತ್ತಿದ್ದರು ಉಮಾಪತಿ. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ಆಸಿಡ್ ಏರಿದೆ ಎಂದು ತಿಳಿದಾಗ ಸಂತೋಷಪಟ್ಟರು. ಆಕೆ ನರಳುತ್ತಿರುವಾಗಲೇ ಪಕ್ಕದಲ್ಲಿ ಕುಳಿತು, ಮಗಳ ಹೆಸರೇನು, ಇದು ಯಾವ ಊರು ಎಂದು ಪರೀಕ್ಷೆ ಮಾಡಿದರು. ಉತ್ತರ ಬರದಿದ್ದರೆ ತರಗತಿಯಲ್ಲಿ ರೇಗಿದಂತೆ ರೇಗಿದರು.

ಎಷ್ಟೋ ತಿಂಗಳ ಮೇಲೆ ಸಾಗರದಿಂದ ಬಂದ ಮಗಳು ವಿನಯಾ ತಾಯಿಯ ಪಾದ ನೋಡಿ ಬೆಚ್ಚಿಬಿದ್ದಳು. ಗಂಟುಗಳಲ್ಲಿ ಚರ್ಮ ಬಿರಿದು, ಹೆಪ್ಪುಗಟ್ಟಿದ ಆಸಿಡ್ ಸುಣ್ಣದಂಥ ಬಿಳಿ ಪುಡಿಯಾಗಿ ಕಾಣುತ್ತಿತ್ತು.

"ಅಪ್ಪಯ್ಯ, ಅಮ್ಮಂಗೆ ಯಾವ ಮಾತ್ರೆ ಕೊಡ್ತಿದೀಯ?"

ಉಮಾಪತಿ ಮುಚ್ಚಿಡಲಿಲ್ಲ. ಹೆಮ್ಮೆಯಿಂದಲೇ ವಿವರಿಸಿದರು. ವಿನಯಾ ಕಾರು ತರಿಸಿ ತಾಯಿಯನ್ನು ಎತ್ತಿ ಕೂರಿಸಿದಳು.

ತೀರ್ಥಹಳ್ಳಿಯ ಡಾಕ್ಟರು ಮೇಷ್ಟ್ರನ್ನು ಎದುರಿಗೆ ಕೂರಿಸಿಕೊಂಡರು. "ಆಸಿಡ್ ಕಡಿಮೆಯಾಗಿ ಮರೆವು ಬರುತ್ತೋ, ಮರೆವು ಬಂದೋರು ಸರಿಯಾಗಿ ಉಣ್ಣದೆ ಆಸಿಡ್ ಇಳಿಯುತ್ತೋ, ಅದೇ ಯಾರಿಗೂ ಖಚಿತ ಇಲ್ಲ ಸಾರ್. ಇವರ ಮರೆವು ಒಂದಿಷ್ಟೂ ತಗ್ಗಿಲ್ಲ. ಕಿಡ್ನಿಗೆ ಮಾತ್ರ ಪೆಟ್ಟು ಬಿದ್ದಿದೆ."

"ಇನ್ನೊಂದು ಆರು ತಿಂಗಳು ಬಿಟ್ಟಿದ್ರೆ ಗೊತ್ತಾಗ್ತಿತ್ತು" ಎಂದರು ಉಮಾಪತಿ.

ವಿನಯಾ ತಾಯಿಯನ್ನು ಸಾಗರಕ್ಕೆ ಕರೆದೊಯ್ದಳು. ಮಾತ್ರೆ ಮತ್ತೆ ಶುರುವಾಗಿ ಊತ ನಿಧಾನಕ್ಕೆ ಇಳಿಯಿತು. ನಡೆಯುವುದು ಮಾತ್ರ ಸಾಧ್ಯವಾಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಉಮಾಪತಿ ನೋಡಲು ಬಂದರು. ಸರಸ್ವತಮ್ಮ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಅವರನ್ನು ಕಂಡು ಮುಖ ಅರಳಿಸಿ, "ಬನ್ನಿ, ಕೂತ್ಕೊಳ್ಳಿ. ಕಾಫಿ ಆಯ್ತಾ?" ಎಂದರು. ಯಾರೋ ಒಳ್ಳೆಯವರು ಎಂದುಕೊಂಡಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು: "ಆ ಮನೇಲಿ ಒಬ್ರು ಇದ್ರು. ನೋವು ಅಂದ್ರೆ ಗದರ್ತಿದ್ರು. ಅವ್ರು ಬಂದ್ ಕೇಳಿದ್ರೆ ನಾನಿಲ್ಲಿಲ್ಲ ಅಂತ ಹೇಳ್ತೀರಾ?"

"ಹೇಳ್ತೀನಿ" ಎಂದರು ಉಮಾಪತಿ.

ವಿನಯಾ ಕಾಫಿ ತಂದಾಗ ಅವರು ಗೇಟು ದಾಟಿ ಹೋಗಿದ್ದರು.