ವಿಭೂತಿಯ ತೂಕ

ಕಾಕಾನ ಹಣೆ ಬೋಳಾಗಿತ್ತು. ಇಷ್ಟು ನೆನಪಿದೆ. ಯಾವತ್ತು, ಯಾಕೆ ಎಂದು ಕೇಳಿದರೆ ಖಚಿತವಾಗಿ ಹೇಳಲಾರೆ. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆ್ಯಕ್ಷನ್ನಿಗೆ ಮೊದಲೇ ಇರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಒಮ್ಮೊಮ್ಮೆ ಆಮೇಲೆ ಎಂದು. ದಾರಿಯಲ್ಲಿ ಯಾರು ಯಾವ ಗುರುತು ನೋಡಿ ಏನು ಮಾಡುತ್ತಾರೋ ಎಂಬ ಹೆದರಿಕೆಗೆ ತನ್ನ ಅಪ್ಪ ವಿಭೂತಿ ಒರೆಸಿಕೊಂಡಿದ್ದ ಎಂದು ಕಾಕಾನ ಮಗಳು ಹೇಳುತ್ತಾಳೆ. ಅವಳು ಆಗ ತೊಟ್ಟಿಲಲ್ಲಿದ್ದಳು. ನನ್ನ ನೆನಪಿನಲ್ಲಿ ಕಾರಣ ಬೇರೆ: ಅಫೀಮು. ಆದರೆ ನಾನು ಈ ಕತೆಯನ್ನು ಇಷ್ಟು ಜನರಿಗೆ ಇಷ್ಟು ಸಲ ಹೇಳಿದ್ದೇನೆಂದರೆ, ಈಗ ನನ್ನ ತಲೆಯಲ್ಲಿರುವುದು ನಡೆದದ್ದೋ ನಾನು ಹೇಳಿದ್ದೋ ಎಂದು ಬೇರ್ಪಡಿಸಲು ಆಗುತ್ತಿಲ್ಲ.

ನಾನು ಆಗ ಹೈದರಾಬಾದಿನಲ್ಲಿ ಓದುತ್ತಿದ್ದೆ. ರಜಾಕಾರರ ಗಲಾಟೆಯಿಂದ ತರಗತಿಗಳು ನಡೆಯದಾದಾಗ ಬೀದರಿಗೆ ಬಂದು ಊರಂಚಿನ ಚಿದ್ರಿಯ ನಮ್ಮ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದೂ ಸರಿಯಲ್ಲ, ಎಲ್ಲರ ಜೊತೆ ವಾದ ಮಾಡುತ್ತ ತಿರುಗುತ್ತಿದ್ದೆ. ನನ್ನ ಕಾಟ ತಪ್ಪಲೆಂದೋ ಏನೋ, ಶ್ರಾವಣದಲ್ಲಿ ಅಪ್ಪ ನನ್ನನ್ನು ಔರಾದಿಗೆ ಕಳಿಸಿದರು. ಅಲ್ಲಿ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಕಾಳುಕಡಿಯ ದಲಾಲಿ ಮಾಡುತ್ತಿದ್ದ. ಕೆಮ್ಮಿಗೆಂದು ಶುರು ಮಾಡಿದ ಅಫೀಮು ಅವನನ್ನು ಬಿಟ್ಟಿರಲಿಲ್ಲ. ಅದೇನೂ ಗುಟ್ಟಿನ ವ್ಯವಹಾರವಲ್ಲ. ಸೇಂದಿಯಂತೆ ಅಫೀಮಿಗೂ ಸರ್ಕಾರದ ಪರವಾನಗಿ ಪಡೆದ ಅಂಗಡಿ ಊರಲ್ಲೇ ಇತ್ತು. ಆದರೆ ಈಚೆಗೆ ಕಾಕಾ ಮುಷ್ಟಿಯಲ್ಲಿ ಜೋಳ ಹಿಡಿದು ನೋಡುತ್ತ ನೋಡುತ್ತ ನಿಂತಲ್ಲೇ ತೂಕಡಿಸುತ್ತಿದ್ದಾನೆ ಎಂದು ಸುದ್ದಿ ಬಂತು. ಕಾಕಾನ ಹೆಂಡತಿ ಚಿಗವ್ವ ಹೇಳಿ ಕಳಿಸಿದ್ದಳು: "ಬಂದು ಏನಾರ ಮಾಡ್ರಿ. ಇಲ್ಲಾಂದ್ರ ನಾ ಕೂಸಿನ ಕರ್ಕೊಂಡು ತವರಿಗಿ ಹೋಗ್ತೀನಿ, ಮತ್ತ ಬರಲ್ಲ."

"ಭಾಲ್ಕಿಗೆ ಹೋಗಿ ನಿಮ್ಮ ಅತ್ತಿನ ಕರ್ಕೊಂಡು ಹೋಗು. ನಿನ್ನಿಂದ ಆಗೂ ಕೆಲಸ ಅಲ್ಲ ಇದು" ಎಂದರು ಅಪ್ಪ.

ಅತ್ತೆ ಅಪ್ಪನಿಗೂ ಕಾಕಾನಿಗೂ ಅಕ್ಕ. ಭಾಲ್ಕಿಯಲ್ಲಿ ಒಬ್ಬಳೇ ಇದ್ದಳು. ರೈಲಿನಿಂದಿಳಿದು ಅವಳ ಮನೆಗೆ ಹೋದಾಗ ಅಂಗಳದ ತುಂಬ ಬೇರೆಯವರ ಕೂಸುಗಳು ಅಳುತ್ತಿದ್ದವು. ಕಳೆ ಕೀಳಲು ಹೋಗುವ ತಾಯಂದಿರು, ಸಂಜೆತನಕ ಮಲಗಿರಲಿ ಎಂದು, ಕೂಸಿನ ನಾಲಗೆಗೆ ಸ್ವಲ್ಪ ಅಫೀಮು ಹಚ್ಚುವ ರೂಢಿ ಆ ಕಡೆ ಇತ್ತು. ಬೇಡ ಎಂದರೆ ಯಾರು ಕೇಳುತ್ತಾರೆ? ಅದಕ್ಕೆ ಅತ್ತೆ, "ಹಚ್ಚಬ್ಯಾಡ್ರಿ, ನನ್ನ ಅಂಗಳದಾಗ ಹಾಕಿ ಹೋಗ್ರಿ, ಅತ್ರ ಅಳ್ಲಿ" ಎಂದು ಓಣಿಯಲ್ಲಿ ಹೇಳಿಕೊಂಡು ಬಂದಿದ್ದಳು. ಕೂಸುಗಳನ್ನು ಪಕ್ಕದ ಮನೆಯ ಮುದುಕಿಗೆ ಒಪ್ಪಿಸಿ ನನ್ನ ಜೊತೆ ಎತ್ತಿನ ಬಂಡಿ ಹತ್ತಿದಳು.

ಔರಾದಿನಲ್ಲಿ ಅವಳು ಮೊದಲು ಮಾಡಿದ್ದು ಕಾಕಾನನ್ನು ಬೈಯದೇ ಇದ್ದದ್ದು. ಅವನ ಹತ್ತಿರ ಇದ್ದ ಅಫೀಮನ್ನೆಲ್ಲ ಕೇಳಿ ಪಡೆದು ತನ್ನ ಹಿತ್ತಾಳೆ ಡಬ್ಬಿಯಲ್ಲಿ ಹಾಕಿಕೊಂಡಳು. ಅಕ್ಕಸಾಲಿಗನ ಮನೆಯಿಂದ ಸಣ್ಣ ತಕ್ಕಡಿ ತರಿಸಿದಳು. ಕಾಕಾ ಒಂದು ಹೊತ್ತಿಗೆ ತಿನ್ನುವಷ್ಟೇ ತೂಗುವ ಒಂದು ವಿಭೂತಿ ಚೂರನ್ನು ಗಟ್ಟಿಯಿಂದ ಮುರಿದಳು. ಹುಣಸೆ ಬೀಜಕ್ಕಿಂತ ತುಸು ದೊಡ್ಡದು. ಇನ್ನು ಮೇಲೆ ದಿನಾ ಸ್ನಾನ ಮಾಡಿ ಆ ಚೂರಿನಿಂದಲೇ ವಿಭೂತಿ ಧರಿಸಬೇಕು, ಅದನ್ನು ತಂದು ಅವಳ ತಕ್ಕಡಿಯಲ್ಲಿ ಇಡಬೇಕು. ಅದು ಎಷ್ಟು ತೂಗುತ್ತದೋ ಅಷ್ಟು ಅಫೀಮು. ವಿಭೂತಿ ಸವೆದಂತೆ ಅಫೀಮೂ ಇಳಿಯುತ್ತದೆ.

ನಾನು ಸುಮ್ಮನಿರಲಿಲ್ಲ. ಗುಲಗಂಜಿ ಇಟ್ಟು ತೂಗಿ, ವಾರಕ್ಕೊಂದು ಗುಲಗಂಜಿ ತೆಗೆಯುತ್ತ ಬಂದರೆ ಲೆಕ್ಕ ಶುದ್ಧವಾಗಿರುತ್ತದೆ ಎಂದೆ.

"ಹೈದರಾಬಾದಿನಾಗ ಇದ ಕಲ್ಸ್ಯಾರೇನೋ ಶಾಣ್ಯಾ?" ಎಂದಳು ಅತ್ತೆ. "ಗುಲಗಂಜಿ ನಾ ತೆಗೀಬೇಕು. ನಾ ತೆಗೆದ್ರ ನನ್ನ ಸಂಗಟ ಜಗಳ. ಇಬತ್ತಿ ತಾನ ಸವೀತದ. ಅದರ ಸಂಗಟ ಯಾರು ಜಗಳ ತೆಗೀತಾರ?"

ಕಾಕಾನ ಕೈಯಲ್ಲಿ ಇಷ್ಟಲಿಂಗ ಹಿಡಿಸಿ ಆಣೆ ಮಾಡಿಸಿದಳು: ಈ ಚೂರು ಬಿಟ್ಟು ಬೇರೆ ವಿಭೂತಿ ಹಚ್ಚುವುದಿಲ್ಲ, ಈ ಡಬ್ಬಿ ಬಿಟ್ಟು ಬೇರೆ ಅಫೀಮು ಮುಟ್ಟುವುದಿಲ್ಲ.

ಸುದ್ದಿ ಹರಡಿ ಇನ್ನೂ ಕೆಲವರು ತಮ್ಮ ಅಫೀಮು ತಂದು ಡಬ್ಬಿಗೆ ಹಾಕಿದರು. ಬೆಳಿಗ್ಗೆ ಕಾಕಾನ ಮನೆಯ ಕಟ್ಟೆಯ ಮೇಲೆ ಸಾಲಾಗಿ ಕೂಡುತ್ತಿದ್ದರು. ಅವರಲ್ಲಿ ಒಬ್ಬ ಮುಸಲ್ಮಾನ ದರ್ಜಿ. "ಅಕ್ಕಾ, ನಮಗ ಇಬತ್ತಿ ಇಲ್ಲ. ನಾವು ಹಂಗೇ ಸಾಯಬೇಕೇನು?" ಎಂದ. ಅತ್ತೆ ಅವನ ಕಿವಿಗೆ ಸಿಕ್ಕಿಸಿದ್ದ ಬಟ್ಟೆ ಗುರುತು ಹಾಕುವ ಬಳಪ ತೆಗೆದುಕೊಂಡು, ಚೂರು ಮುರಿದು ತೂಗಿಕೊಟ್ಟಳು. "ನೀ ಎಷ್ಟು ಅಂಗಿ ಹೊಲೀತೀ ಅಷ್ಟು ಲಗೂನ ಬಿಡ್ತೀ." ಎದುರು ಮನೆಯ ಹಿರಿಯರಿಗೆ ಇದು ಹಿಡಿಸಲಿಲ್ಲ. "ಏನವಾ, ನಮ್ಮ ಓಣ್ಯಾಗ ಇನ್ನೊಂದು ಅಂಗಡಿ ತೆಗ್ದಿಯಲ್ಲ. ಇವರಿಗಿ ಪೂರಾ ಬಿಟ್ಟು ಬರ್ರಿ ಅಂತ ಹೇಳ್ಬಾರ್ದೇನು?" ಎಂದರು. "ಪೂರಾ ಬಿಟ್ಟೋರು ನನ್ನ ಹಂತ್ಯಾಕ ಯಾಕ ಬರ್ತಾರ್ರಿ?" ಎಂದಳು ಅತ್ತೆ, ತಕ್ಕಡಿಯಿಂದ ಕಣ್ಣು ತೆಗೆಯದೆ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ವಿಮಾನದ ಸದ್ದು ನಾನು ಕೇಳಿದೆನೋ, ಕೇಳಿದವರಿಂದ ಕೇಳಿದೆನೋ ತಿಳಿಯದು. ಒಂದು ಬೆಳಿಗ್ಗೆ ಅಫೀಮಿನ ಅಂಗಡಿ ತೆರೆಯಲಿಲ್ಲ. ಗುತ್ತೇದಾರ ಊರು ಬಿಟ್ಟಿದ್ದಾನೆ ಎಂದರು. ದರ್ಜಿಯ ಓಣಿಯೂ ಖಾಲಿಯಾಯಿತು. ಅಲ್ಲಿ ಏನೇನು ನಡೆಯಿತೆಂಬುದನ್ನು ಕಂಡವರು ಬರೆಯಬೇಕು. ನಾನು ಕಂಡದ್ದು ಅಗಳಿ ಹಾಕದೆ ತೆರೆದೇ ಇದ್ದ ಬಾಗಿಲುಗಳು ಮಾತ್ರ. ದರ್ಜಿಯ ಬಳಪದ ಚೂರು ಅತ್ತೆಯ ಡಬ್ಬಿಯ ಮುಚ್ಚಳದಲ್ಲಿ ಉಳಿಯಿತು. ಅವಳು ಅದನ್ನು ಎಸೆಯಲಿಲ್ಲ.

ಈಗ ಡಬ್ಬಿಯಲ್ಲಿದ್ದಷ್ಟೇ ಅಫೀಮು. ಅದು ಮುಗಿಯುವುದರೊಳಗೆ ಕಾಕಾ ಇಳಿಯಬೇಕು. ಇಳಿಯದಿದ್ದರೆ ಒಮ್ಮೆಲೇ ನಿಲ್ಲುತ್ತದೆ. ಒಮ್ಮೆಲೇ ನಿಂತವನ ಗತಿ ಏನೆಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತಿತ್ತು. ಭೇದಿ, ನಡುಕ, ಮೈಯೆಲ್ಲ ಮುರಿದಂತೆ ನೋವು. ಕಾಕಾ ಮೊದಲೇ ಬಡಕಲು. ಆಗಲೇ ಅತ್ತೆ ಗಮನಿಸಿದ್ದು, ಉಳಿದವರ ಚೂರುಗಳು ಸವೆದು ಸಣ್ಣವಾಗಿದ್ದರೂ ಕಾಕಾನದು ಹಾಗೇ ಇತ್ತು.

ಕಾಕಾ ರುಮಾಲನ್ನು ಹುಬ್ಬಿನ ತನಕ ಎಳೆದು ಸುತ್ತುತ್ತಿದ್ದ. ಆ ದಿನಗಳಲ್ಲಿ ಯಾರೂ ಅದನ್ನು ಕೇಳುವಂತಿರಲಿಲ್ಲ, ಎಲ್ಲರೂ ಹೆದರಿಕೊಂಡೇ ಇದ್ದರು. ಅತ್ತೆ ಕೈ ಚಾಚಿ ರುಮಾಲು ಸರಿಸಿದಳು. ನನ್ನ ನೆನಪಿನ ಆ ಬೋಳು ಹಣೆ ಅದೇ ಇರಬೇಕು.

"ಇದೇನೋ ತಮ್ಮಾ?"

"ಆಣಿ ಮುರದಿಲ್ಲ ಅಕ್ಕಾ," ಎಂದ ಕಾಕಾ. "ಬ್ಯಾರೆ ಇಬತ್ತಿ ಹಚ್ಚಲ್ಲ ಅಂದಿದ್ದೆ. ಹಚ್ಚಿಲ್ಲ."

"ಇದೂ ಹಚ್ಚಿಲ್ಲಲ್ಲ."

"ಹಚ್ಚಿದ್ರ ಸವೀತದ."

ಚಿಗವ್ವ ಒಳಗಿನಿಂದ, "ನೋಡ್ರಿ ಅಕ್ಕೋರ, ಅಫೀಮಿನ ಸಲುವಾಗಿ ಹಣಿ ಬೋಳು ಮಾಡ್ಕೊಂಡಾರ" ಎಂದಳು. ನನಗೆ ನಗು ಬಂದಿತ್ತು. ಅತ್ತೆಗೆ ಬರಲಿಲ್ಲ. ವಿಭೂತಿ ಇಲ್ಲದೆ ಒಬ್ಬ ಮನುಷ್ಯ ಮನೆಯಿಂದ ಹೊರಬೀಳಬಹುದು ಎಂಬುದು ಅವಳ ಯೋಚನೆಗೇ ಬಂದಿರಲಿಲ್ಲ. ಅವಳ ಇಡೀ ಉಪಾಯ ನಿಂತದ್ದು ಅದರ ಮೇಲೆ. ಆಣೆಯನ್ನು ಮುರಿಯಲಾರದ ಕಾಕಾನೂ ಅವಳಂಥವನೇ. ಬೇರೆ ಗಟ್ಟಿಯಿಂದ ಹಚ್ಚಿಕೊಂಡು ಈ ಚೂರನ್ನು ಉಳಿಸಿಕೊಳ್ಳುವುದು ನನಗಾದರೆ ಮೊದಲ ದಿನವೇ ಹೊಳೆಯುತ್ತಿತ್ತು.

"ಆತು," ಎಂದಳು ಅತ್ತೆ. "ನಾಳಿಂದ ಇಲ್ಲೇ, ಅಂಗಳದಾಗ ಸ್ನಾನ ಮಾಡು. ನನ್ನ ಎದುರಿಗೇ ಹಚ್ಕೋ. ಆಮ್ಯಾಲ ತೂಗ್ತೀನಿ."

ಮರುದಿನದಿಂದ ಹಾಗೇ ನಡೆಯಿತು. ಕಾಕಾ ಅಂಗೈಯಲ್ಲಿ ನೀರು ಹಾಕಿಕೊಂಡು ಚೂರನ್ನು ತಿಕ್ಕುವುದು, ಹಣೆ, ತೋಳು, ಎದೆ ಎಲ್ಲ ಕಡೆ ಧರಿಸುವುದು. ಇಷ್ಟು ದಿನದ್ದನ್ನು ಸೇರಿಸಿ ಹಚ್ಚಿಕೊಳ್ಳುವಂತೆ ಅತ್ತೆ ಮುಂದೆಯೇ ಕೂತು ನೋಡುತ್ತಿದ್ದಳು. ನನಗೆ ಗಾಬರಿಯಾಯಿತು. ಇಷ್ಟು ಬೇಗ ಸವೆದರೆ ಅಫೀಮು ಇಷ್ಟೇ ಬೇಗ ಇಳಿಯುತ್ತದೆ, ಇವನು ಹಾಸಿಗೆ ಹಿಡಿಯುತ್ತಾನೆ ಎಂದು ಕಾದೆ. ಹಿಡಿಯಲಿಲ್ಲ. ಮೊದಲ ದಿನಗಳಲ್ಲಂತೂ ಕಾಕಾ ಮುಂಚಿಗಿಂತ ಗೆಲುವಾಗಿದ್ದ, ಪೇಟೆಗೂ ಹೋಗಿ ಬಂದ.

ಅದೇ ಅವನಿಗೆ ಮುಳುವಾಯಿತು. "ಅಕ್ಕೋರ, ಇವರು ಹೊರಗ ಕದ್ದು ತಿನ್ಲತ್ತಾರ್ರಿ. ಇಲ್ಲಾಂದ್ರ ಹಿಂಗ ಇರ್ತಾರೇನು?" ಎಂದಳು ಚಿಗವ್ವ. ಸಂದೂಕ ತೆಗೆದು ಬಟ್ಟೆ ಕೊಡವಿ ಹುಡುಕಿದಳು. ಏನೂ ಸಿಗಲಿಲ್ಲ. ಸಿಗದಿದ್ದದ್ದರಿಂದ ಅವಳ ಅನುಮಾನ ಇನ್ನೂ ಗಟ್ಟಿಯಾಯಿತು.

"ಅಂಗಡಿನೇ ಮುಚ್ಚ್ಯಾದ, ಎಲ್ಲಿಂದ ತರ್ಲಿ?" ಎಂದ ಕಾಕಾ. "ನಾ ಮುಟ್ಟಿಲ್ಲ. ಇದಕ್ಕೂ ಆಣಿ ಬೇಕೇನು?"

"ನಿಮ್ಮ ಆಣಿ ನೋಡೀನಲ್ಲ" ಎಂದಳು ಚಿಗವ್ವ.

ಕಾಕಾ ಅತ್ತೆಯ ಮುಖ ನೋಡಿದ. ಅವಳು ನಂಬುತ್ತೇನೆ ಎನ್ನಲಿಲ್ಲ, ನಂಬುವುದಿಲ್ಲ ಎಂದೂ ಅನ್ನಲಿಲ್ಲ. "ತಿಂದಿದ್ರೂ ನಾಳಿ ಬಾ. ತಿಂದಿಲ್ಲಾಂದ್ರೂ ಬಾ" ಎಂದಳು. ಕಾಕಾ ಬಂದ. ಚೂರು ಸವೆಯುತ್ತ ಹೋಯಿತು, ಕಡಲೆಯಷ್ಟು, ಜೋಳದಷ್ಟು. ಚಳಿಗಾಲದಲ್ಲಿ ಕೊನೆಗೊಮ್ಮೆ ಕಣ್ಣು ಮೂಗಲ್ಲಿ ನೀರು ಸುರಿಸುತ್ತ ಕೆಲವು ದಿನ ಮುದುಡಿ ಮಲಗಿದ, ಎದ್ದ, ಮತ್ತೆ ತಕ್ಕಡಿಯ ಕಡೆ ಹೋಗಲಿಲ್ಲ. ಚಿಗವ್ವ ತವರಿಗೆ ಹೋಗಲಿಲ್ಲ. ಆದರೆ ಆ ದಿನಗಳಲ್ಲಿ ಅವನು ಕದ್ದು ತಿಂದಿದ್ದ ಎಂಬ ಮಾತನ್ನು ಅವಳು ಕೊನೆಯತನಕ ಬಿಡಲಿಲ್ಲ. ಕಾಕಾ ಅಲ್ಲಗಳೆಯುವುದನ್ನೂ ಬಿಡಲಿಲ್ಲ. ಮೊಮ್ಮಕ್ಕಳ ಎದುರಿಗೂ ಆ ಜಗಳ ನಡೆಯುತ್ತಿತ್ತು.

ಕಾಕಾ ತೀರಿಕೊಂಡ ಮೇಲೆ, ಬೀದರಿನಲ್ಲಿ ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಮಧ್ಯಾಹ್ನ, ಹುಣಸೆ ಬೀಜದಷ್ಟು ವಿಭೂತಿ ಚೂರನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿಟ್ಟೆ. ಕಾಕಾ ಹಚ್ಚಿಕೊಂಡ ಕೂಡಲೇ ಅತ್ತೆ ಒದ್ದೆ ಚೂರನ್ನೇ ತೂಗುತ್ತಿದ್ದಳೆಂದು ನನ್ನ ನೆನಪು. ತಟ್ಟೆಯಲ್ಲಿ ಒಣಗಿಸಿ ತೂಗುತ್ತಿದ್ದಳೆಂದು ಚಿಗವ್ವನ ನೆನಪು. ಕೇಳೋಣವೆಂದರೆ ಅತ್ತೆ ಆಗಲೇ ಇರಲಿಲ್ಲ. ಹೀಗಾಗಿ ಕಾಕಾ ಕದ್ದು ಮುಟ್ಟಿದ್ದನೋ, ಡಬ್ಬಿಯಿಂದಲೇ ಅವನಿಗೆ ಹೆಚ್ಚು ಹೋಗಿತ್ತೋ, ಅತ್ತೆ ತಿಳಿದೇ ಹಾಗೆ ಮಾಡಿದಳೋ, ನಾನು ಇವತ್ತಿಗೂ ಹೇಳಲಾರೆ. ಒಣ ಚೂರನ್ನು ತೂಗಿದೆ, ಅಂಗೈಯಲ್ಲಿ ನೀರು ಹಾಕಿ ತಿಕ್ಕಿ ಹಣೆ, ತೋಳು, ಎದೆಗೆ ಧರಿಸಿದೆ, ಮತ್ತೆ ತೂಗಿದೆ. ಬೇರೆ ಬೇರೆ ಚೂರುಗಳಿಂದ ಮಾಡಿ ನೋಡಿದೆ. ಪ್ರತಿಸಲವೂ ಸವೆದ ಒದ್ದೆ ಚೂರು, ನೀರು ಕುಡಿದು, ಸವೆಯುವ ಮುಂಚಿನ ಒಣ ಚೂರಿಗಿಂತ ಹೆಚ್ಚು ತೂಗಿತು.