ಬೀಗತಿಯ ತಲೆ ಬಗ್ಗಿಸಿದ ಲೋಳಸರ

ಬಂದಳು! ಅಫಜಲಪುರದ ನಮ್ಮ ಬೀಗತಿ, ನನ್ನ ಮಗಳ ಅತ್ತೆ, ತಾನಾಗಿಯೇ ಬಂಡಿ ಹೂಡಿಸಿಕೊಂಡು ಆಳಂದಕ್ಕೆ ಬಂದಳು, ಸೊಸೆಯನ್ನೂ ಮೊಮ್ಮಗನನ್ನೂ ಕರೆದೊಯ್ಯಲು! ಅದೂ ಹೇಗೆ? ನನ್ನ ಬಾಗಿಲಲ್ಲಿ ಹೂಬಿಟ್ಟು ತೂಗುತ್ತಿದ್ದ ಲೋಳಸರದ ಕೆಳಗೆ ತಲೆ ಬಗ್ಗಿಸಿಕೊಂಡು. ಇಸವಿ ನಲವತ್ತೇಳು ಮುಗಿದು ನಲವತ್ತೆಂಟು ಹತ್ತಿದ ಚಳಿಗಾಲ ಅದು. ಇಂದಿಗೂ ನೆನೆದರೆ ಬಾಯಿಗೆ ಬೆಲ್ಲ ಹಾಕಿಕೊಂಡಂತಾಗುತ್ತದೆ.

ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ನಮ್ಮ ಲೋಳಸರದ ಬಲಿತ ಗಿಡವೊಂದನ್ನು ಬಂಡಿಯಲ್ಲಿಟ್ಟು ಕಳಿಸಿದ್ದೆ. ಅದನ್ನು ತಲೆಬಾಗಿಲಿಗೆ ತೂಗಹಾಕುವುದು ನಮ್ಮ ಪದ್ಧತಿ. ದೃಷ್ಟಿ ತಾಗದಿರಲಿ ಅಂತ ಕಟ್ಟುತ್ತೇವೆ. ಕೂಸುಗಳ ಕೈಗೂ ಎಟುಕುವುದಿಲ್ಲ. ಬೀಗತಿ ಕಟ್ಟಗೊಡಲಿಲ್ಲ. "ನಮ್ಮ ಬಾಗಲಕ್ಕ ನಿಮ್ಮೂರ ಕಸಾ ಕಟ್ಟೂದಿಲ್ಲ. ಬಚ್ಚಲ ಕಡಿ ಹಚ್ಚು" ಅಂದಳಂತೆ. ಮಗಳು ಬಚ್ಚಲ ಪಕ್ಕ ನೆಟ್ಟಳು. ಮಳೆಗಾಲದಲ್ಲಿ ಅಂಬೆಗಾಲಿಡುತ್ತಿದ್ದ ಕೂಸು ಅಲ್ಲಿಗೆ ಹೋಗಿ ಎಲೆ ಮುರಿದು ಬಾಯಿಗಿಟ್ಟಿತು. ಎಲೆ ಮುರಿದ ಕೂಡಲೇ ಒಸರುವ ಹಳದಿ ರಸ ಇದೆಯಲ್ಲ, ಅದು ಬರೀ ಕಹಿಯಲ್ಲ, ಹೊಟ್ಟೆಯನ್ನೇ ತೊಳೆದುಬಿಡುತ್ತದೆ. ಕೂಸಿಗೆ ದಿನವಿಡೀ ಭೇದಿ.

"ನಿಮ್ಮವ್ವ ನನ್ನ ಮೊಮ್ಮಗಗ ವಿಷಾ ಕೊಟ್ಟ ಕಳಿಸ್ಯಾಳ!" ಎಂದು ಬೀಗತಿ ಊರಿಗೆಲ್ಲ ಸಾರಿದಳು. ಕೂಸು ಚೇತರಿಸಿಕೊಂಡ ಮೇಲೆ ಮಗಳನ್ನೂ ಕೂಸನ್ನೂ ಕಿತ್ತ ಗಿಡವನ್ನೂ ಒಂದೇ ಬಂಡಿಯಲ್ಲಿ ನಮ್ಮ ಮನೆಗೆ ಅಟ್ಟಿದಳು.

ನಾನು ವಿಷ ಕೊಡುವವಳಂತೆ! ಅಂದೇ ಆಣೆ ಮಾಡಿದೆ. ಇದೇ ಗಿಡ ಹೂಬಿಡಬೇಕು, ಅದರ ಕೆಳಗೆ ಅವಳು ಬಗ್ಗಿ ಬರಬೇಕು.

ಕೊಳೆತ ಬೇರು ಕೊಯ್ದು, ಗಾಯ ಆರಲೆಂದು ಗಿಡವನ್ನು ನೆರಳಲ್ಲಿ ಬಿಟ್ಟೆ. ಆಮೇಲೆ ತಳ ಸೀಳಿದ ಗಡಿಗೆಯಲ್ಲಿ ಹಳ್ಳದ ಮರಳು ತುಂಬಿ, ಎರೆಮಣ್ಣು ಒಂದೇ ಹಿಡಿ ಬೆರೆಸಿ ನೆಟ್ಟೆ. ನಮ್ಮ ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಮಣ್ಣಿಗೆ ಬೆರಳಿಟ್ಟು, ಒಳಗೂ ಒಣಗಿದ್ದರೆ ಮಾತ್ರ ನೀರು. ಮಗಳು ಮರುಕದಿಂದ ದಿನಾ ನೀರಿನ ಚರಿಗೆ ಹಿಡಿದು ಬರುತ್ತಿದ್ದಳು.

"ಬ್ಯಾಡ ಬೇ, ಕೊಳತ ಹೋಗ್ತದ. ಸಿಟ್ಟ ಸಾಕಿದಂಗ ಸಾಕಬೇಕಿದನ್ನ, ಒಣಗಿಸಿ ಒಣಗಿಸಿ" ಎಂದೆ.

ತಲೆಗೆ ಹಚ್ಚಲು ತಿರುಳು ಬೇಕಾದಾಗಲೂ ಎಲೆ ಕೊಯ್ದು ನೆಟ್ಟಗೆ ನಿಲ್ಲಿಸಿ, ಹಳದಿ ರಸ ಪೂರ್ತಿ ಇಳಿದ ಮೇಲೆ ತೊಳೆದೇ ಮುಟ್ಟುತ್ತಿದ್ದೆವು. ಗಡಿಗೆಯನ್ನು ಹಗ್ಗ ಹೆಣೆದ ತೂಗುನೆಲವಿನಲ್ಲಿಟ್ಟು, ಬಿಸಿಲು ಬೀಳುವ ತಲೆಬಾಗಿಲಿಗೆ ತೂಗಹಾಕಿದೆ. ಕೂಸಿಗೆ ಎಟುಕಬಾರದು, ಎತ್ತರದ ಬೀಗತಿಯ ಹಣೆಗೆ ತಾಗಬೇಕು, ಅಷ್ಟು ಎತ್ತರ.

"ನನ್ನ ತಲಿನೂ ಬಡಿತದಲ್ಲ ಬೇ!" ಎಂದರು ನಮ್ಮ ಯಜಮಾನರು.

"ನೀವೂ ಬಗ್ಗ್ರಿ. ರೂಢಿ ಆಗ್ಲಿ."

ಹೆಂಡತಿ, ಮಗ ಮನೆಗೆ ಬರುವತನಕ ಮಾತಿಲ್ಲ ಎಂದು ಅಳಿಯ ತಾಯಿಯ ಸಂಗಡ ಮಾತು ಬಿಟ್ಟಿದ್ದಾನೆಂದು ಸುದ್ದಿ ಬಂತು. ಮಗಳು ಕಣ್ಣೀರು ಹಾಕಿದಳು. "ಯವ್ವಾ, ನಿನ್ನ ಛಲದಾಗ ನನ್ನ ಸಂಸಾರ ಒಣಗಾಕತ್ತದ. ನಾನ ಹೋಗಿಬಿಡ್ತೇನಿ."

"ತಲಿ ತೆಗ್ಗಿಸಿ ಹೋದ್ರ ಜನ್ಮಪೂರ್ತಿ ತೆಗ್ಗಿಸೇ ಇರಬೇಕಾಗ್ತದ. ತಡಿ" ಎಂದೆ.

ಎಳ್ಳಮಾವಾಸ್ಯೆ ಕಳೆಯಿತು. ಎಲೆಗಳ ನಡುವಿನಿಂದ ಒಂದು ಕೋಲು ಎದ್ದಿತು. ಅದರ ತುದಿಯ ಮೊಗ್ಗುಗಳು ಹಳದಿಯಾಗಿ ಅರಳಿ ಜೋತುಬಿದ್ದವು. ನಾನು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದೆ. ಸುದ್ದಿ ಅಫಜಲಪುರ ಮುಟ್ಟಲಿ ಎಂದೇ ತೋರಿಸಿದೆ.

ಅದು ಲೂಟಿ, ಗಲಾಟೆಯ ಕಾಲ, ದಾರಿಯಲ್ಲಿ ಒಂಟಿ ಬಂಡಿ ಹೊರಡುತ್ತಿರಲಿಲ್ಲ. ಬೀಗತಿ ತೊಗರಿ ಹೇರಿದ ಬಂಡಿಗಳ ಹಿಂದೆ ಬಂದಿಳಿದಳು. ಬಾಗಿಲ ಹೊರಗೇ ನಿಂತಳು.

"ಇದನ್ನ ಸರಸ್ರಿ, ಬೀಗರ."

"ಅದು ಸರಿಯೂದಿಲ್ರಿ. ನೀವ ಕಿತ್ತ ಕಳಿಸಿದ ಕಸಾ ಅದು, ಹೂ ಬಿಟ್ಟದ. ಬಗ್ಗಿ ಬರ್ರಿ."

ಓಣಿಯೆಲ್ಲ ನೋಡುತ್ತಿತ್ತು. ಬಗ್ಗಿದಳು! ಅಷ್ಟಕ್ಕೆ ಬಿಡುವವಳೇ ನಾನು?

"ಮಗಳನ್ನ ಕಳಸ್ತೇನಿ. ಈ ಗಡಿಗಿ ನಿಮ್ಮ ತೊಡಿ ಮ್ಯಾಲೇ ಹೋಗ್ಬೇಕು. ನಿಮ್ಮ ಬಾಗಲಕ್ಕ ನಿಮ್ಮ ಕೈಲೇ ಕಟ್ಟಬೇಕು" ಎಂದೆ.

ಮಗಳು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಆಗಷ್ಟೇ ನಡೆಯಲು ಕಲಿತಿದ್ದ ಮೊಮ್ಮಗ ತಟಪಟ ಹೋಗಿ ಬೀಗತಿಯ ಸೀರೆ ಹಿಡಿದ. ಅವಳು ಅವನನ್ನು ಎತ್ತಿಕೊಂಡು, "ಕಟ್ಟತೇನಿ" ಎಂದು ಗೊಣಗಿದಳು.

"ಕೇಳಿಸ್ಲಿಲ್ರಿ."

"ಕಟ್ಟತೇನಿ ಅಂದ್ನೆಲ್ರಿ! ಕಿವಿ ಕೇಳ್ತಾವಿಲ್ಲ ನಿಮಗ?"

ಓಣಿಯ ಆ ತುದಿಗೂ ಕೇಳಿತು. ಎದೆ ತಣ್ಣಗಾಯಿತು.

ಆ ಸಂಜೆ ತೊಗರಿಬೇಳೆಯ ಹೋಳಿಗೆ ಮಾಡಿದೆ. ಗಂಡಸರು, ಹೆಂಗಸರು ಎಂದು ಪಂಕ್ತಿ ಬೇರೆ ಮಾಡದೆ ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೇ ಕೂತೆವು. ಬೀಗತಿ "ಸಾಕ್ರಿ, ಸಾಕ್ರಿ" ಎಂದಷ್ಟೂ ನಾನು ತುಪ್ಪ ಸುರಿದೆ. ಕೊನೆಗೆ ಅವಳೇ ಸೋತು ನಕ್ಕಳು. ಬಡಿಸಲು ಎದ್ದಿದ್ದ ನನ್ನ ಮಗಳ ಕೈ ಹಿಡಿದೆಳೆದು, "ಕುಂಡ್ರು ಬೇ ನನ್ನ ಬಾಜೂಕ, ನಾಳಿ ದೂರ ಹೋಗೂದದ" ಎಂದು ತನ್ನ ತಾಟಿನ ಹೋಳಿಗೆ ಅವಳಿಗೆ ಮುರಿದಿಟ್ಟಳು. ಮಗಳು ಅತ್ತೆಯ ಮಗ್ಗುಲಲ್ಲಿ ತಲೆಯೆತ್ತಿ ಕೂತು ಉಂಡಳು. ನಾನೂ ಉಂಡೆ, ಎಂದಿಗಿಂತ ಎರಡು ಹೋಳಿಗೆ ಹೆಚ್ಚೇ.